ತೇರಿನ ಗಾಲಿ: ತಿದ್ದಿಸುವುದೋ, ಹೊಸದು ಮಾಡಿಸುವುದೋ?



ಕಳೆದ ಜಾತ್ರೆಯಲ್ಲಿ ಶ್ರೀ ಸ್ವಾಮಿಯ ತೇರು ಪಾದಗಟ್ಟೆ ಮುಟ್ಟಿ ಹೊರಳಿ ಬರುವಾಗ ಬಲಗಡೆಯ ಮುಂದಿನ ಗಾಲಿ ಕಿರುಗುಟ್ಟಿದ್ದು ಮಿಣಿ ಹಿಡಿದವರಿಗೆಲ್ಲ ನೆನಪಿರಬಹುದು. ಹಲಗೆ ವಾದ್ಯದ ಗದ್ದಲದಲ್ಲಿ ಹಲವರಿಗೆ ಕೇಳಿಸಲಿಲ್ಲ. ಸನ್ನೆ ಹಾಕುವವರಿಗೆ ಮಾತ್ರ ಕೇಳಿಸಿತು. ಮರುದಿನ ನೋಡಿದರೆ ಗಾಲಿಯ ಹಳಿ ಎರಡು ಬೆರಳಿನಷ್ಟು ಜಾರಿತ್ತು, ನಡುವಿನ ಗುಂಬದಲ್ಲಿ ಸೀಳು ಬಿಟ್ಟಿತ್ತು, ಅಚ್ಚಿನ ತುದಿ ಸವೆದು ಗಾಲಿ ಅಲುಗಾಡುತ್ತಿತ್ತು. ಅಂದಿನಿಂದ ಈ ಊರಲ್ಲಿ ಒಂದೇ ಮಾತು: ತಿದ್ದಿಸುವುದೋ, ಹೊಸದು ಮಾಡಿಸುವುದೋ?

ಸಮಿತಿಯ ಸಭೆಯಲ್ಲಿ ಮೂರು ಪಕ್ಷಗಳಾದವು. ಹಿರಿಯರು, ನಮ್ಮ ಅಜ್ಜಂದಿರು ಮುಟ್ಟಿದ ಗಾಲಿ, ಪಟ್ಟಿ ಬಡಿಸಿ ನಡೆಸಿರಿ ಎಂದರು. ತರುಣರು, ಇಡೀ ತೇರನ್ನೇ ಹೊಸದಾಗಿ ಕಬ್ಬಿಣದಲ್ಲಿ ಮಾಡಿಸಿ ರಬ್ಬರ್ ಟೈರು ಹಾಕಿಸಿರಿ ಎಂದರು. ನಾನು ಹಿರಿಯರ ಕಡೆ ಇದ್ದೆ. ಭಕ್ತಿಯಿಂದ ಎಂದು ಹೇಳಿದರೆ ಸುಳ್ಳಾದೀತು. ಅಂಗಡಿಕಾರನ ಲೆಕ್ಕ ನನ್ನದು, ಪಟ್ಟಿ ಬಡಿಸುವುದು ಅಗ್ಗ. ಉಳಿದವರು, ಬೇರೆ ಊರುಗಳಲ್ಲಿ ಏನು ಮಾಡಿದ್ದಾರೆ ವಿಚಾರಿಸಿ ಬನ್ನಿ ಎಂದು ಆ ಕೆಲಸ ನನಗೇ ಹಚ್ಚಿದರು. ವಿಚಾರಿಸಿದ ಸಂಗತಿ ಇಷ್ಟು.

ಒಡಿಶಾದ ಪುರಿಯಲ್ಲಿ ಈ ಪ್ರಶ್ನೆಯೇ ಇಲ್ಲ. ಜಗನ್ನಾಥ, ಬಲಭದ್ರ, ಸುಭದ್ರೆಯರ ಮೂರು ರಥಗಳನ್ನೂ ಪ್ರತಿ ವರ್ಷ ಹೊಸ ಕಟ್ಟಿಗೆಯಿಂದ ಕಟ್ಟುತ್ತಾರೆ. ಗಾಲಿಗಳು ಕ್ರಮವಾಗಿ 16, 14 ಮತ್ತು 12, ಒಟ್ಟು 42. ಅಲ್ಲಿ ಹಳೆಯದಾಗುವುದು ತೇರಲ್ಲ, ಅದನ್ನು ಕಟ್ಟುವ ಪದ್ಧತಿ. ಅಷ್ಟು ಕಟ್ಟಿಗೆ, ಅಷ್ಟು ಬಡಿಗರು ನಮಗೆಲ್ಲಿಂದ ಬರಬೇಕು?

ಕುಕ್ಕೆ ಸುಬ್ರಹ್ಮಣ್ಯದಲ್ಲಿ ಸುಮಾರು 400 ವರ್ಷದ್ದೆಂದು ಹೇಳುವ ಬ್ರಹ್ಮರಥವಿತ್ತು. 2019ರಲ್ಲಿ ಅದಕ್ಕೆ ವಿಶ್ರಾಂತಿ ಕೊಟ್ಟು, ಕುಂದಾಪುರದ ಹತ್ತಿರ ಕೋಟೇಶ್ವರದಲ್ಲಿ ಕೆತ್ತಿಸಿದ ಹೊಸ ಬ್ರಹ್ಮರಥವನ್ನು ತಂದರು. ಬಿದ್ದ ಮೇಲೆ ಬದಲಿಸಿದ್ದಲ್ಲ, ಬೀಳುವ ಮೊದಲೇ ಬದಲಿಸಿದ್ದು. ಕೊಟ್ಟೂರಿನಲ್ಲಿ ಹಾಗಾಗಲಿಲ್ಲ. 2017ರ ಫೆಬ್ರವರಿಯಲ್ಲಿ ಗುರು ಕೊಟ್ಟೂರೇಶ್ವರನ ತೇರು ಸಾವಿರಾರು ಜನರ ಎದುರಿಗೇ ಉರುಳಿತು, ಹಲವರಿಗೆ ಪೆಟ್ಟಾಯಿತು. ಅದೇ ವರ್ಷ ಚಾಮರಾಜನಗರದ ಚಾಮರಾಜೇಶ್ವರನ ತೇರಿಗೆ ಬೆಂಕಿ ಬಿತ್ತು. ಹೊಸ ತೇರು ಸಿದ್ಧವಾಗಿ ಆಷಾಢದ ರಥೋತ್ಸವ ಮತ್ತೆ ನಡೆದದ್ದು 2022ರಲ್ಲಿ. ಹೊಸದಾಗಿ ಮದುವೆಯಾದವರು ಜೋಡಿಯಾಗಿ ಬಂದು ಹಣ್ಣು ಜವನ ಎಸೆಯುವ ತೇರು ಅದು. ನಡುವಿನ ವರ್ಷಗಳಲ್ಲಿ ಮದುವೆಯಾದವರಿಗೆ ಆ ಭಾಗ್ಯ ಸಿಗಲಿಲ್ಲ. ಹೊಸ ತೇರೆಂದರೆ ಹಣ ಕೂಡಿಸಿದೊಡನೆ ಆಗುವ ಮಾತಲ್ಲ ಎಂಬುದನ್ನು ತರುಣರಿಗೆ ತಿಳಿಸಲು ಇದನ್ನು ಬರೆದೆ.

ಇನ್ನು ನಮ್ಮ ಜಿಲ್ಲೆಗೇ ಬರೋಣ. ದಸರೆಯ ಸಂಜೆ ಕೊಲ್ಹಾಪುರದ ದಸರಾ ಚೌಕದಲ್ಲಿ ಶಮೀಪೂಜೆಗೆ ಛತ್ರಪತಿಗಳ ಮನೆತನದವರು ಬರುವ ಮೋಟಾರನ್ನು ನಮ್ಮಲ್ಲಿ ಬಹಳ ಮಂದಿ ನೋಡಿದ್ದೀರಿ. ರಾಜಾರಾಮ ಮಹಾರಾಜರು 1936ರಲ್ಲಿ ಜರ್ಮನಿಯಿಂದ ಮಾಡಿಸಿ ತರಿಸಿದ ಮೇಬ್ಯಾಕ್ ಗಾಡಿ ಅದು. ಮಹಾರಾಜರು 1940ರಲ್ಲಿ ತೀರಿಕೊಂಡರು. ಎರಡನೆಯ ಮಹಾಯುದ್ಧದ ಕಾಲಕ್ಕೆ ಆ ಕಂಪನಿಯೂ ಕಾರು ಮಾಡುವುದನ್ನು ನಿಲ್ಲಿಸಿತು. 2002ರಲ್ಲಿ ಅದೇ ಹೆಸರಿನ ಗಾಡಿಗಳು ಮತ್ತೆ ಬಂದವು, ಆದರೆ ಅವುಗಳ ಸಾಮಾನು ಇದಕ್ಕೆ ಕೂಡುವುದಿಲ್ಲ. ಇಂಥ ಗಾಡಿಯಲ್ಲಿ ಸವೆದದ್ದನ್ನು ತಿದ್ದಬೇಕು, ಇಲ್ಲವೇ ಅದೇ ಅಳತೆಗೆ ಹೊಸದನ್ನು ಕಡೆಸಬೇಕು. ಅಂಗಡಿಗೆ ಹೋಗಿ ಕೊಂಡು ತರುವ ದಾರಿ ಇಲ್ಲ. ಹಾಗಿದ್ದರೂ ವರ್ಷಕ್ಕೊಮ್ಮೆ ಅದು ಜನರ ನಡುವೆ ನಡೆಯುತ್ತದೆ, ನಮ್ಮ ತೇರಿನ ಹಾಗೆಯೇ.

ಶ್ರೀ ಮಹಾಲಕ್ಷ್ಮೀ ಅಂಬಾಬಾಯಿಯ ಮೂರ್ತಿಯ ವಿಷಯವೂ ಇದೇ ಜಾತಿಯದು. ಶತಮಾನಗಳ ಅಭಿಷೇಕದಿಂದ ಮೂರ್ತಿ ಸವೆದಿತ್ತು. 1955ರಲ್ಲಿ ವಜ್ರಲೇಪ ಮಾಡಿದರು. 2015ರಲ್ಲಿ ಕೇಂದ್ರದ ಪುರಾತತ್ವ ಇಲಾಖೆಯವರು ಬಂದು ರಾಸಾಯನಿಕ ಲೇಪ ಮಾಡಿದರು. ವಾದ ವಿವಾದ ಬಹಳ ನಡೆಯಿತು. ಆದರೆ ಮೂರ್ತಿ ಅದೇ ಉಳಿಯಿತು. ಮೂರ್ತಿ ನಿಂತಲ್ಲೇ ನಿಲ್ಲುತ್ತದೆ, ಅದರ ಕೆಳಗೆ ಯಾರೂ ಸಿಕ್ಕಿಕೊಳ್ಳುವುದಿಲ್ಲ. ಗಾಲಿಯ ಮಾತು ಹಾಗಲ್ಲ.

ಈ ಗಾಲಿಯ ಮಾತನ್ನು ನನಗೆ ತಿಳಿಸಿ ಹೇಳಿದವರು ನಮ್ಮ ಬಡಿಗೇರ ಅಜ್ಜ. ನಾಲ್ಕು ಗಾಲಿಗಳಲ್ಲಿ ಕೆಟ್ಟದ್ದು ಒಂದೇ, ಅದೊಂದನ್ನು ಬದಲಿಸೋಣ ಎಂದೆ. ಅಜ್ಜ ನಕ್ಕು, “ಸಾವಕಾರ್ರ, ಹಳೇ ಗಾಲಿ ತಿರುಗಿ ತಿರುಗಿ ಸಣ್ಣದಾಗಿರತೈತ್ರಿ. ಹೊಸದು ದೊಡ್ಡದು. ಒಂದ ಅಚ್ಚಿಗೆ ಒಂದು ದೊಡ್ಡದು ಒಂದು ಸಣ್ಣದು ಹಾಕಿದ್ರ ತೇರು ವಾಲತೈತಿ, ಒಂದ ಕಡೆ ಎಳೀತೈತಿ” ಎಂದರು. ಹಾಗಾದರೆ ಕಬ್ಬಿಣದ ಅಚ್ಚು ಹಾಕಿ ಹಳೆಯ ಗಾಲಿ ಇಟ್ಟರೆ? ಅದೂ ಆಗದು. ಕಬ್ಬಿಣ ಸವೆಯುವುದಿಲ್ಲ, ಒಳಗಿನ ಕಟ್ಟಿಗೆಯ ಗುಂಬವನ್ನು ತಿನ್ನುತ್ತದೆ. ಒಂದು ಭಾಗವನ್ನು ಗಟ್ಟಿ ಮಾಡಿದರೆ ಪಕ್ಕದ ಭಾಗ ಬೇಗ ಹೋಗುತ್ತದೆ. ಆದ್ದರಿಂದ ಅಚ್ಚು ಮತ್ತು ಅದರ ಎರಡೂ ಗಾಲಿ ಒಟ್ಟಿಗೆ ಆಗಬೇಕು.

ಹೊಸ ಗಾಲಿಗೂ ಅವಸರ ಸಲ್ಲದು. ಹಸಿ ಕಟ್ಟಿಗೆಯಲ್ಲಿ ಮಾಡಿದರೆ ಒಣಗಿದಂತೆ ಕುಗ್ಗಿ ಹಳಿ ಸಡಿಲಾಗುತ್ತದೆ. ಹಳಿಯನ್ನು ಕುಳ್ಳಿನ ಬೆಂಕಿಯಲ್ಲಿ ಕಾಯಿಸಿದಾಗ ಅದು ಹಿಗ್ಗುತ್ತದೆ, ಗಾಲಿಗೆ ತೊಡಿಸಿ ನೀರು ಸುರಿದರೆ ಬಿಗಿದುಕೊಳ್ಳುತ್ತದೆ. ಹಿಂದೆ ಈ ಕೆಲಸ ಬಲ್ಲವರು ಹಳ್ಳಿ ಹಳ್ಳಿಯಲ್ಲಿದ್ದರು. ಸಕ್ಕರೆ ಕಾರ್ಖಾನೆಗಳು ಬಂದು, ಕಬ್ಬಿಗೆ ರಬ್ಬರ್ ಟೈರಿನ ಗಾಡಿಗಳಾದ ಮೇಲೆ ಕಟ್ಟಿಗೆಯ ಗಾಲಿ ಕೇಳುವವರೇ ಇಲ್ಲವಾದರು. ಗಡಹಿಂಗ್ಲಜ ಸೀಮೆಯಲ್ಲಿ ಈಗ ಹುಡುಕಿಕೊಂಡು ಹೋಗಬೇಕು. ಕಬ್ಬಿಣದ ಕೆಲಸಕ್ಕೆ ಮಾತ್ರ ನಮ್ಮಲ್ಲಿ ಬರವಿಲ್ಲ. 1904ರಲ್ಲೇ ವಿದ್ಯುತ್ ಮಗ್ಗ ಕಂಡ ಇಚಲಕರಂಜಿ ಹತ್ತಿರವಿದೆ, ಎರಕ ಮತ್ತು ಲೇಥಿನ ಕೆಲಸಕ್ಕೆ ಹೆಸರಾದ ಕೊಲ್ಹಾಪುರದ ಉದ್ಯಮನಗರವಿದೆ. ತಮಿಳುನಾಡಿನ ತಿರುವಾರೂರಿನ ಮಹಾರಥಕ್ಕೆ ತಿರುಚಿರಾಪಳ್ಳಿಯ ಬಿ.ಎಚ್.ಇ.ಎಲ್. ಕಾರ್ಖಾನೆಯವರು ಕಬ್ಬಿಣದ ಗಾಲಿ, ಅಚ್ಚು, ಬ್ರೇಕು ಕೂಡ ಮಾಡಿಕೊಟ್ಟಿದ್ದಾರೆ. ದೇವರೇನೂ ಬೇಸರ ಮಾಡಿಕೊಂಡಿಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ನಾನು ಸಭೆಯಲ್ಲಿ ನನ್ನ ಮೊದಲಿನ ಮಾತನ್ನು ಹಿಂದಕ್ಕೆ ತೆಗೆದುಕೊಂಡೆ. ಮಿಣಿ ಜಗ್ಗುವವರಲ್ಲಿ ನಮ್ಮ ಮಕ್ಕಳು ಮೊಮ್ಮಕ್ಕಳೇ ಇರುತ್ತಾರೆ. ಗಾಲಿಯ ಪಕ್ಕದಲ್ಲೇ ಉತ್ತತ್ತಿ ಆರಿಸಲು ಹುಡುಗರು ಬಗ್ಗುತ್ತಾರೆ. ಅಲ್ಲಿ ಅಗ್ಗದ ಮಾತು ಬೇಡ.

ಕೊನೆಗೆ ಆದ ಠರಾವು ಹೀಗಿದೆ. ಎರಡು ಅಚ್ಚು, ನಾಲ್ಕೂ ಗಾಲಿ, ಕೀಲು ಮತ್ತು ಮಿಣಿ ಹೊಸದು. ಅಡ್ಡೆಯ ಮೇಲಿನ ಕೆತ್ತನೆಯ ಹಲಗೆಗಳು, ಮೂಲೆಯ ಸಿಂಹಗಳು, ಕಳಸ ಇವು ಹಳೆಯವೇ ಇರತಕ್ಕದ್ದು. ಸಡಿಲಾದ ಬೆಸುಗೆಗಳನ್ನಷ್ಟೇ ಬಿಗಿಸುವುದು, ಬಣ್ಣ ಬಳಿದು ಕೆತ್ತನೆ ಮುಚ್ಚಬಾರದು. ಜಾತ್ರೆಗೆ ಹದಿನೈದು ದಿನ ಮೊದಲು ಮರಳಿನ ಚೀಲ ಹೇರಿ ಪಾದಗಟ್ಟೆಯವರೆಗೆ ಒಮ್ಮೆ ಎಳೆದು ನೋಡುವುದು. ಅಚ್ಚು ಕಟ್ಟಿಗೆಯದೋ ಕಬ್ಬಿಣದ್ದೋ ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ, ಮುಂದಿನ ಅಮಾವಾಸ್ಯೆಯ ಸಭೆಗೆ ಬಿಟ್ಟಿದೆ. ಬಡಿಗೇರ ಅಜ್ಜ ಕಟ್ಟಿಗೆಯ ಕಡೆ, ನಾನು ಕಬ್ಬಿಣದ ಕಡೆ ಇದ್ದೇವೆ. ಹಳೆಯ ಗಾಲಿಗಳನ್ನು ಗುಡಿಯ ಪೌಳಿಯ ಗೋಡೆಗೆ ಆನಿಸಿ ಇಡಲಾಗುವುದು. ಜಾತ್ರೆಗೆ ಬಂದವರು ಅವುಗಳ ಮೇಲೆ ಚಪ್ಪಲಿ ಇಡಬಾರದಾಗಿ ವಿನಂತಿ.