ಕೌದಿಯೂ ಒಂದು ದಾಖಲೆ

ಸುವರ್ಣ ಮಹೋತ್ಸವದ ಸಂಚಿಕೆಗೆ ನಮ್ಮ ಭಾಗದ ಇತಿಹಾಸದ ಬಗ್ಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದ್ದಾರೆ. ಧಾರವಾಡ ಸೀಮೆಯ ಇತಿಹಾಸವೆಂದ ಕೂಡಲೇ ಚಾಲುಕ್ಯರ ಗುಡಿಗಳು, ಶಾಸನಗಳು, ಸ್ವಾತಂತ್ರ್ಯ ಹೋರಾಟ, ಕರ್ನಾಟಕ ಏಕೀಕರಣ ಇವು ನೆನಪಾಗುತ್ತವೆ. ಇದೇ ಶಾಲೆಯಲ್ಲಿ ಓದಿ, ಮುಂದೆ ಬೇರೆ ಬೇರೆ ಊರುಗಳಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದ ನನಗೆ ಇವು ಪ್ರೀತಿಯ ಪಾಠಗಳೇ. ಆದರೆ ನಮ್ಮ ಮನೆಗಳಲ್ಲಿ ಕೈಯಿಂದ ಮಾಡಿದ ವಸ್ತುಗಳಿಗೂ ಒಂದು ಇತಿಹಾಸವಿದೆ. ಈ ಸಲ ಅದರ ಬಗ್ಗೆ ಬರೆಯುತ್ತೇನೆ.

ಮೊದಲು ಕೌದಿಯನ್ನೇ ತೆಗೆದುಕೊಳ್ಳೋಣ. ಉಟ್ಟು ಹಳೆಯದಾದ ಸೀರೆ, ಧೋತರ, ಅಂಗಿ, ಕುಬಸಗಳನ್ನು ಒಗೆದು, ಹರಿದು, ಒಂದರ ಮೇಲೊಂದು ಹಾಸಿ, ಸಾಲುಸಾಲಾಗಿ ಕೈಹೊಲಿಗೆ ಹಾಕಿದರೆ ಕೌದಿ. ಬೇಸಿಗೆಯಲ್ಲಿ ಹೊಲದ ಕೆಲಸ ಕಡಿಮೆಯಾದಾಗ ನಮ್ಮ ಓಣಿಯ ಹೆಣ್ಣುಮಕ್ಕಳು ಪಡಸಾಲೆಯಲ್ಲಿ ಕೌದಿ ಹಾಸಿಕೊಂಡು ಕೂಡುತ್ತಿದ್ದರು. ನಾಲ್ಕು ಮೂಲೆಗೆ ನಾಲ್ವರು ಕುಳಿತರೆ ಕೆಲಸವೂ ಸಾಗುತ್ತಿತ್ತು, ಊರಿನ ಸುದ್ದಿಯೂ ಸಾಗುತ್ತಿತ್ತು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಸಮುದಾಯದ ಮಹಿಳೆಯರು ಹೊಲಿಯುವ ಕೌದಿಯ ಬಗೆಯೇ ಬೇರೆ. ಅವರು ಅಂಚಿನಿಂದ ಹೊಲಿಗೆ ಆರಂಭಿಸಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ 'ಫೂಲ್' ಇಡುತ್ತಾರೆ. ಹೀಗೆ ಹೊಲಿಗೆಯ ದಾರಿ ನೋಡಿಯೇ ಅದು ಯಾರ ಮನೆಯ ಕೌದಿ ಎಂದು ಹೇಳಬಹುದು.

ಇತಿಹಾಸದ ವಿದ್ಯಾರ್ಥಿ ನಾಣ್ಯವನ್ನು ಓದುವಂತೆ ಕೌದಿಯನ್ನೂ ಓದಬಹುದು. ನಮ್ಮ ಅವ್ವ ಹೊಲಿದ ಒಂದು ಕೌದಿ ಈಗಲೂ ನಮ್ಮ ಮನೆಯಲ್ಲಿದೆ. ಅದರ ಒಳಪದರದಲ್ಲಿ ಅಜ್ಜಿಯ ಇಳಕಲ್ ಸೀರೆಯ ತುಂಡಿದೆ. ಅದರ ಮೇಲೆ ಅಜ್ಜನ ಧೋತರ. ಮೇಲ್ಭಾಗದಲ್ಲಿ ನಮ್ಮ ಅಣ್ಣನ ಶಾಲೆಯ ಖಾಕಿ ಚಡ್ಡಿ, ಅಕ್ಕನ ನೈಲಾನ್ ಲಂಗ. ಕೈಮಗ್ಗದ ಹತ್ತಿಯಿಂದ ಗಿರಣಿಯ ಬಟ್ಟೆಗೆ, ಅಲ್ಲಿಂದ ನೈಲಾನ್ ಮತ್ತು ಪಾಲಿಯೆಸ್ಟರ್‌ಗೆ ನಮ್ಮ ಹಳ್ಳಿಗಳು ಬಂದ ಹಾದಿ ಆ ಪದರಗಳಲ್ಲಿದೆ. ಯಾರು ಶಾಲೆಗೆ ಹೋದರು, ಬಟ್ಟೆಯನ್ನು ಎಷ್ಟು ವರ್ಷ ತೊಡುತ್ತಿದ್ದರು, ಮನೆಯಲ್ಲಿ ಎಷ್ಟು ಬಡತನವಿತ್ತು ಎಂಬುದೂ ಅದರಿಂದ ತಿಳಿಯುತ್ತದೆ. ತೇಪೆಯ ಮೇಲೆ ತೇಪೆ ಬಿದ್ದ ಜಾಗ ಬರಗಾಲದ ಲೆಕ್ಕವನ್ನೂ ಹೇಳೀತು.

ಕಸೂತಿಯದು ಇನ್ನೊಂದು ಬಗೆಯ ಜಾಣ್ಮೆ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ, ಎಳೆಗಳನ್ನು ಎಣಿಸಿಯೇ ಗೋಪುರ, ತೇರು, ತುಳಸಿಕಟ್ಟೆ, ಆನೆ, ನವಿಲುಗಳನ್ನು ಮೂಡಿಸುವುದು ಅದರ ಕ್ರಮ. ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳಲ್ಲಿ ಗವಂತಿಯು ಬಟ್ಟೆಯ ಎರಡೂ ಬದಿಗೆ ಒಂದೇ ರೀತಿ ಕಾಣುತ್ತದೆ. ಮದುವೆಯ ಚಂದ್ರಕಾಳಿ ಸೀರೆಯ ಮೇಲೆ ಇಂಥ ಕಸೂತಿ ಹಾಕಿದವರಲ್ಲಿ ಅಕ್ಷರ ಬಾರದವರೂ ಇದ್ದರು. ಆದರೆ ಎಳೆಯ ಎಣಿಕೆಯಲ್ಲಿ ಅವರ ಲೆಕ್ಕ ತಪ್ಪುತ್ತಿರಲಿಲ್ಲ.

ಇಲ್ಲಿ ನನ್ನನ್ನು ಕಾಡುವ ಪ್ರಶ್ನೆಯೊಂದಿದೆ. 12ನೆಯ ಶತಮಾನದ ಶರಣರಲ್ಲಿ ಹಲವರ ಹೆಸರು ಅವರ ಕಾಯಕದ ಜೊತೆಗೇ ನಮಗೆ ಬಂದಿದೆ. ನೂಲುವ ಕದಿರ ರೆಮ್ಮವ್ವೆ, ಬಿದಿರಿನ ಕೆಲಸದ ಮೇದಾರ ಕೇತಯ್ಯ, ಸೂಜಿಕಾಯಕದ ರಾಮಿತಂದೆ ಇವರೆಲ್ಲ ಸುಮಾರು 850 ವರ್ಷಗಳ ನಂತರವೂ ನಮಗೆ ಪರಿಚಿತರು. ಆದರೆ 50 ವರ್ಷದ ಹಿಂದೆ ನಮ್ಮೂರಿನಲ್ಲೇ ಹೊಲಿದ ಕೌದಿಯ ಮೇಲೆ ಯಾರ ಹೆಸರೂ ಇಲ್ಲ. ಶರಣರ ಹೆಸರು ಉಳಿದದ್ದು ಅವರ ಮಾತನ್ನು ಯಾರೋ ಬರೆದಿಟ್ಟಿದ್ದರಿಂದ. ನಮ್ಮ ಅವ್ವಂದಿರ ಕೆಲಸವನ್ನು ಯಾರೂ ಬರೆದಿಡಲಿಲ್ಲ.

ಕೈಕೆಲಸ ಮನೆಯಿಂದ ಶಾಲೆಗೆ ಬಂದದ್ದು ಹೇಗೆಂಬುದನ್ನೂ ಇಲ್ಲಿ ಹೇಳಬೇಕು. 1937ರ ಅಕ್ಟೋಬರ್‌ನಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಶಿಕ್ಷಣ ಸಮ್ಮೇಳನ ನಡೆಯಿತು. ಏಳು ವರ್ಷಗಳ ಉಚಿತ, ಕಡ್ಡಾಯ ಶಿಕ್ಷಣ ಇರಬೇಕು, ಅದು ಮಾತೃಭಾಷೆಯಲ್ಲಿರಬೇಕು, ಒಂದು ಕೈಕಸುಬನ್ನು ನಡುವಿಗಿಟ್ಟುಕೊಂಡು ಎಲ್ಲ ವಿಷಯ ಕಲಿಸಬೇಕು ಎಂದು ಅಲ್ಲಿ ತೀರ್ಮಾನವಾಯಿತು. ಡಾ. ಜಾಕಿರ್ ಹುಸೇನ್ ಅವರ ಸಮಿತಿ ಅದಕ್ಕೆ ಪಠ್ಯಕ್ರಮ ರೂಪಿಸಿತು. ಇದೇ ಮೂಲಶಿಕ್ಷಣ. ತಕಲಿಯಲ್ಲಿ ನೂಲುವ ಮಗು ಎಳೆಯ ಉದ್ದ ಅಳೆಯುತ್ತ ಗಣಿತ, ಹತ್ತಿ ಬೆಳೆಯುವ ನೆಲದ ಬಗ್ಗೆ ತಿಳಿಯುತ್ತ ಭೂಗೋಳ ಕಲಿಯಬೇಕೆಂಬುದು ಅದರ ಆಶಯ. ಸ್ವಾತಂತ್ರ್ಯಾನಂತರ ಕೊಠಾರಿ ಆಯೋಗ (1964–66) ಇದನ್ನು 'ಕಾರ್ಯಾನುಭವ' ಎಂದು ಕರೆಯಿತು. 1977ರಲ್ಲಿ ನೇಮಕವಾದ ಈಶ್ವರಭಾಯಿ ಪಟೇಲ್ ಸಮಿತಿ 'ಸಮಾಜೋಪಯೋಗಿ ಉತ್ಪಾದಕ ಕಾರ್ಯ' ಎಂಬ ಹೆಸರು ಕೊಟ್ಟಿತು.

ಆ ಉದ್ದನೆಯ ಹೆಸರು 1980ರ ದಶಕದ ಆರಂಭದಲ್ಲಿ ನಮ್ಮ ವೇಳಾಪಟ್ಟಿಗೂ ಬಂತು. ವಾರದಲ್ಲಿ ಎರಡು ಅವಧಿ. ಅಚ್ಚಿನಲ್ಲಿ ಚಾಕ್‌ಪೀಸು ಎರೆದೆವು, ಗೋಣಿತಟ್ಟಿನಿಂದ ಕಾಲೊರೆಸು ಹೊಲಿದೆವು, ಶಾಲೆಯ ಹಿತ್ತಲಿನಲ್ಲಿ ಬದನೆ, ಮೆಂತ್ಯ ಬೆಳೆದೆವು. ನಾವು ಎರೆದ ಚಾಕ್‌ಪೀಸಿನಿಂದಲೇ ಗುರುಗಳು ಕರಿಹಲಗೆಯ ಮೇಲೆ ಬರೆಯುವಾಗ ಇಡೀ ತರಗತಿ ಹೆಮ್ಮೆಯಿಂದ ನೋಡುತ್ತಿತ್ತು. ಆದರೆ ಕೌದಿಯಾಗಲಿ ಕಸೂತಿಯಾಗಲಿ ಆ ಅವಧಿಗೆ ಬರಲಿಲ್ಲ. ಮನೆಯಲ್ಲಿ ಅವ್ವ ಮಾಡುವುದು 'ಕೆಲಸ', ಶಾಲೆಯಲ್ಲಿ ನಾವು ಮಾಡುವುದು 'ವಿಷಯ' ಎಂಬ ಗೆರೆ ಹಾಗೆಯೇ ಉಳಿಯಿತು. ಹತ್ತನೆಯ ತರಗತಿಗೆ ಬಂದಾಗ ಆ ಎರಡು ಅವಧಿಗಳೂ ಗಣಿತಕ್ಕೆ ಹೋದವು.

ಈ ಗೆರೆಯನ್ನು ಅಳಿಸಲು ದುಡಿದವರೂ ನಮ್ಮ ನಾಡಿನವರೇ. 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಅವರು 1952ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಕರಕುಶಲ ಮಂಡಳಿಯನ್ನು ಮುನ್ನಡೆಸಿ, ಹಳ್ಳಿಯ ಕೈಕೆಲಸಕ್ಕೆ ದೇಶದಲ್ಲಿ ಗೌರವದ ಸ್ಥಾನ ದೊರಕಿಸಿಕೊಟ್ಟರು. ನಮ್ಮ ಹತ್ತಿರದ ಉದಾಹರಣೆ ಇನ್ನೂ ದೊಡ್ಡದು. ಧಾರವಾಡ ತಾಲ್ಲೂಕಿನ ಗರಗದಲ್ಲಿ ರಾಷ್ಟ್ರಧ್ವಜದ ಖಾದಿ ಬಟ್ಟೆ ನೇಯುತ್ತ ಬಂದಿದ್ದಾರೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ, 1957ರಲ್ಲಿ ಆರಂಭವಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ರಾಷ್ಟ್ರಧ್ವಜಗಳನ್ನು ತಯಾರಿಸುತ್ತದೆ. ಅಲ್ಲಿ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಮಹಿಳೆಯರು. ಮೇಜಿನ ಮೇಲಿಡುವ 6 ಇಂಚು ಉದ್ದ, 4 ಇಂಚು ಅಗಲದ ಧ್ವಜದಿಂದ ಹಿಡಿದು 21 ಅಡಿ ಉದ್ದ, 14 ಅಡಿ ಅಗಲದ ಧ್ವಜದವರೆಗೆ ಪ್ರತಿಯೊಂದಕ್ಕೂ ಗೊತ್ತುಪಡಿಸಿದ ಅಳತೆಯಿದೆ. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ, ಯಂತ್ರದಲ್ಲಿ ಮಾಡಿದ ಧ್ವಜಕ್ಕೂ ಪಾಲಿಯೆಸ್ಟರ್ ಧ್ವಜಕ್ಕೂ ಒಪ್ಪಿಗೆ ಸಿಕ್ಕಿತು. ಅಂದಿನಿಂದ ಕೈನೂಲಿನ ಧ್ವಜ ಅಗ್ಗದ ಧ್ವಜದ ಎದುರು ನಿಲ್ಲಬೇಕಾಗಿದೆ.

ಅಗ್ಗದ ಹೊದಿಕೆ ಪೇಟೆಗೆ ಬಂದ ಮೇಲೆ ಕೌದಿಯ ಪಾಡೂ ಇದೇ. ಅದಕ್ಕೆ ಯಾರನ್ನೂ ದೂರಬೇಕಿಲ್ಲ. ಕೌದಿ ಹೊಲಿದು ಕಣ್ಣು ಮಂಜಾದವರಿಗೆ ಪೇಟೆಯ ಹೊದಿಕೆ ಬಿಡುವು ಕೊಟ್ಟಿದೆ. ಎಲ್ಲರೂ ಮತ್ತೆ ದಬ್ಬಣ ಹಿಡಿಯಿರಿ ಎಂದು ನಾನು ಹೇಳುವುದಿಲ್ಲ. ಆದರೆ ಕೌದಿ ಹೊಲಿಯಬಲ್ಲವರಲ್ಲಿ ಅನೇಕರಿಗೆ ಈಗ 70 ದಾಟಿದೆ. ಹಳೆಯ ಕೌದಿಗಳು ಟ್ರ್ಯಾಕ್ಟರಿನ ಸೀಟಿಗೆ, ದನದ ಬೆನ್ನಿಗೆ ಹೋಗುತ್ತಿವೆ. ಇನ್ನು ಹತ್ತು ವರ್ಷ ಕಳೆದರೆ ಕೇಳಲು ಯಾರೂ ಇರುವುದಿಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೆಯ ತರಗತಿಯ ಮಕ್ಕಳು ಹತ್ತು ದಿನ ಚೀಲವಿಲ್ಲದೆ, ಸ್ಥಳೀಯ ಕುಶಲಕರ್ಮಿಗಳ ಬಳಿ ಕಲಿಯಬೇಕೆಂದು ಹೇಳುತ್ತದೆ. ನಮ್ಮ ಪ್ರೌಢಶಾಲೆಯ ಮಕ್ಕಳಿಗೂ ಇದರಿಂದ ಒಂದು ದಾರಿ ಸಿಗುತ್ತದೆ. ಸುವರ್ಣ ಮಹೋತ್ಸವದ ಪ್ರದರ್ಶನಕ್ಕೆ ಪ್ರತಿಯೊಬ್ಬ ವಿದ್ಯಾರ್ಥಿಯೂ ಮನೆಯಲ್ಲಿ ಕೈಯಿಂದ ಮಾಡಿದ ಒಂದು ವಸ್ತು ತರಲಿ. ಅದು ಕೌದಿಯಾಗಬಹುದು, ಕಸೂತಿಯ ಕುಬಸ, ಬುಟ್ಟಿ, ಸಿಂಬಿ, ಜೋಕಾಲಿಯ ಹಗ್ಗವೂ ಆಗಬಹುದು. ಜೊತೆಗೆ ಒಂದು ಚೀಟಿಯಲ್ಲಿ ಮೂರು ಸಾಲು ಬರೆಯಲಿ: ಇದನ್ನು ಮಾಡಿದವರ ಪೂರ್ತಿ ಹೆಸರೇನು, ಯಾವಾಗ ಮಾಡಿದರು, ಯಾವುದರಿಂದ ಮಾಡಿದರು. ಆ ಚೀಟಿಗಳನ್ನು ಒಂದು ದಪ್ಪ ನೋಟುಬುಕ್ಕಿಗೆ ಅಂಟಿಸಿ ಶಾಲೆಯ ಗ್ರಂಥಾಲಯದಲ್ಲಿಟ್ಟರೆ ಸಾಕು. ಮೊದಲ ಪುಟಕ್ಕೆ ನಮ್ಮ ಅವ್ವನ ಕೌದಿಯ ವಿವರವನ್ನು ನಾನೇ ಬರೆದು ತಂದುಕೊಡುತ್ತೇನೆ. ಶತಮಾನೋತ್ಸವದ ಸಂಚಿಕೆ ಬರೆಯುವವರಿಗೆ ಆ ನೋಟುಬುಕ್ಕು ಉಪಯೋಗಕ್ಕೆ ಬರುತ್ತದೆ.