ಕೈಗಡ

ಎರವಲು, ಕಡ, ಸಾಲ ಮೂರೂ ಒಂದೇ ಅಲ್ಲ. ಪಕ್ಕದ ಮನೆಯಿಂದ ತಂದ ಏಣಿ ಎರವಲು. ಅದೇ ಏಣಿ ವಾಪಸು ಹೋಗಬೇಕು. ಒಂದು ಲೋಟ ಸಕ್ಕರೆ ತಂದರೆ ಕಡ. ತಂದದ್ದು ಕಾಫಿಯಲ್ಲಿ ಕರಗಿಹೋಗಿರುತ್ತದೆ, ತಿರುಗಿ ಕೊಡುವುದು ಅಷ್ಟೇ ಅಳತೆಯ ಬೇರೆ ಸಕ್ಕರೆ. ಪತ್ರ, ಬಡ್ಡಿ, ಸಾಕ್ಷಿ ಬಂದು ಕೂತರೆ ಸಾಲ. ಕಡಕ್ಕೆ ಕೈ ಸೇರಿ ಹುಟ್ಟಿದ್ದು ಕೈಗಡ. 'ಒಂದನೇ ತಾರೀಕು ಕೊಟ್ಟುಬಿಡ್ತೀನಿ ಸಾರ್' ಎಂಬ ಮಾತೇ ಅದರ ಕರಾರು. ಕೈಗಡ ಕೇಳುವವನು ತನ್ನನ್ನು ಸಾಲಗಾರ ಎಂದುಕೊಂಡಿರುವುದಿಲ್ಲ. ಸಂಬಳ ತಡವಾಗಿದೆ, ಅಷ್ಟೇ.

ಸರ್ಕಾರದ ಪಾಡೂ ಇದೇ. ಪಿಂಚಣಿ, ಪಗಾರ ತಿಂಗಳು ತಿಂಗಳೂ ಹೋಗಬೇಕು. ತೆರಿಗೆ ಮಾತ್ರ ಕಂತಿನಲ್ಲಿ ಬರುತ್ತದೆ. ಆ ನಡುವಿನ ದಿನಗಳಿಗೆಂದು ರಿಸರ್ವ್ ಬ್ಯಾಂಕ್ ಕೊಡುವುದಕ್ಕೆ 'ವೇಸ್ ಅಂಡ್ ಮೀನ್ಸ್ ಅಡ್ವಾನ್ಸ್' ಎಂಬ ಉದ್ದನೆಯ ಹೆಸರಿದೆ. ನನ್ನ ಮಟ್ಟಿಗೆ ಅದು ಕೈಗಡವೇ, ಬಡ್ಡಿಯೊಂದು ಹೆಚ್ಚು.

ಅದಕ್ಕೂ ಮುಂಚಿನ ಏರ್ಪಾಟು ಇನ್ನೂ ಸ್ವಾರಸ್ಯವಾಗಿತ್ತು. 1955ರಿಂದ ಕೇಂದ್ರದ ಖಾತೆಯಲ್ಲಿ ಹಣ ಮಿತಿಗಿಂತ ಕೆಳಗಿಳಿದರೆ ಸಾಕು, ಅಡ್‌ಹಾಕ್ ಟ್ರೆಜರಿ ಬಿಲ್ ಎಂಬ ಸಾಲಪತ್ರ ರಿಸರ್ವ್ ಬ್ಯಾಂಕಿನ ಹೆಸರಿಗೆ ತಾನಾಗಿ ಹುಟ್ಟುತ್ತಿತ್ತು, ಖಾತೆ ತುಂಬುತ್ತಿತ್ತು. ಹೆಸರಿಗೆ 91 ದಿನದ ಬಿಲ್. ಅವಧಿ ಮುಗಿದೊಡನೆ ಅದರ ಜಾಗಕ್ಕೆ ಇನ್ನೊಂದು. ಕೈಗಡ ಕೇಳುವಾಗ ಆಗುವ ಸಂಕೋಚವೇ ಅಲ್ಲಿರಲಿಲ್ಲ, ಏಕೆಂದರೆ ಕೇಳುವ ಪ್ರಮೇಯವೇ ಇರಲಿಲ್ಲ! ಹೀಗೆ ಬೆಳೆದ ರಾಶಿಯನ್ನು ಕೊನೆಗೆ ಶೇ 4.6 ಬಡ್ಡಿಯ ವಿಶೇಷ ಪತ್ರಗಳಾಗಿ ಮಾರ್ಪಡಿಸಿದರು. ಅವುಗಳಿಗೆ ತೀರಿಸುವ ತಾರೀಕೇ ಇರಲಿಲ್ಲ. ಕೈಗಡವಾಗಿ ಹೊರಟದ್ದು ಋಣವಾಗಿ ಕೂತಿತು. ಮನಮೋಹನ್ ಸಿಂಗ್ ಹಣಕಾಸು ಸಚಿವರಾಗಿ, ಸಿ. ರಂಗರಾಜನ್ ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದಾಗ, 1994ರಲ್ಲಿ ಈ ಏರ್ಪಾಟನ್ನು ನಿಲ್ಲಿಸುವ ಒಪ್ಪಂದವಾಯಿತು. 1997ರ ಏಪ್ರಿಲ್‌ಗೆ ಪೂರ್ತಿ ನಿಂತಿತು.

ಆದರೆ ಸಾಲ ನಿಲ್ಲಲಿಲ್ಲ, ಅಂಗಡಿ ಬದಲಾಯಿತು. ಈಗ ಮಾರುಕಟ್ಟೆಯಲ್ಲಿ ಬಾಂಡ್ ಮಾರಿ ತರುತ್ತಾರೆ. 2025-26ರ ಕೇಂದ್ರ ಬಜೆಟ್ಟಿನಲ್ಲಿ ಬರುವ ಪ್ರತಿ ರೂಪಾಯಿಯಲ್ಲಿ 24 ಪೈಸೆ ಸಾಲದ್ದು. ಹೋಗುವ ರೂಪಾಯಿಯಲ್ಲಿ 20 ಪೈಸೆ ಬಡ್ಡಿಗೆ. ಅಣೆಕಟ್ಟಿಗೋ ರೈಲು ಹಳಿಗೋ ತಂದ ಸಾಲದ ಬಗ್ಗೆ ನನಗೆ ತಕರಾರಿಲ್ಲ. ಮೊಮ್ಮಕ್ಕಳೂ ಬಳಸುವುದಕ್ಕೆ ಮೊಮ್ಮಕ್ಕಳೂ ಕಂತು ಕಟ್ಟಲಿ. ದಿನದ ಖರ್ಚಿಗೆ ತಂದದ್ದು ಬೇರೆ ಮಾತು. ಬಜೆಟ್ ಪುಸ್ತಕ ಅದನ್ನು 'ರಾಜಸ್ವ ಕೊರತೆ' ಎನ್ನುತ್ತದೆ. ಕೇಳಿದರೆ ಯಾವುದೋ ಅರಮನೆಯ ಕಷ್ಟದಂತಿದೆ. ವಿತ್ತೀಯ ಹೊಣೆಗಾರಿಕೆಗೆ 2002ರಲ್ಲಿ ದೇಶದಲ್ಲೇ ಮೊದಲು ಕಾನೂನು ಮಾಡಿ, ಮುಂದೆ ವರ್ಷಗಟ್ಟಲೆ ರಾಜಸ್ವ ಉಳಿಸಿಯೂ ತೋರಿಸಿದ ಕರ್ನಾಟಕ, 2025-26ಕ್ಕೆ 19,262 ಕೋಟಿ ರೂಪಾಯಿಯ ರಾಜಸ್ವ ಕೊರತೆ ಅಂದಾಜಿಸಿತು.

ಕೈಗಡಕ್ಕೆ ಇನ್ನೊಂದು ಗುಣವುಂಟು: ಬಹುಪಾಲು ಅದು ಮನೆಯವರಿಗೆ ತಿಳಿಯದಂತೆ ಆಗಿರುತ್ತದೆ. ರಾಜ್ಯಗಳು ನಿಗಮ, ಮಂಡಳಿಗಳ ಹೆಸರಲ್ಲಿ ಸಾಲ ಎತ್ತಿ, ತೀರಿಸುವ ಹೊಣೆ ತಾವೇ ಹೊತ್ತು, ಬಜೆಟ್ಟಿನ ಲೆಕ್ಕಕ್ಕೆ ಮಾತ್ರ ಸೇರಿಸುತ್ತಿರಲಿಲ್ಲ. 2022ರಲ್ಲಿ ಕೇಂದ್ರ ಅದನ್ನೂ ಆಯಾ ರಾಜ್ಯದ ಸಾಲದ ಮಿತಿಯೊಳಗೇ ಎಣಿಸಲು ಹೊರಟಾಗ ಎದ್ದ ಗಲಾಟೆ ಸಣ್ಣದಲ್ಲ. ಕೇರಳ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು.