ಟೆಕ್ಸಾಸ್‌ನ ಮೂರು ಕ್ಯಾಥೋಲಿಕ್ ಕಾಲೇಜುಗಳು

ಇಲ್ಲಿ ಹನ್ನೆರಡನೇ ತರಗತಿ ಮುಗಿಸಿದ ಮಕ್ಕಳನ್ನು ಮುಂದೆ ಎಲ್ಲಿಗೆ ಕಳಿಸುವುದೆಂಬ ಚಿಂತೆ ಗಲ್ಫಿನಲ್ಲಿರುವ ನಮ್ಮೆಲ್ಲರ ಮನೆಯದು. ಅಮೆರಿಕದ ಕ್ಯಾಥೋಲಿಕ್ ಕಾಲೇಜಿನ ಮಾತು ಬಂದರೆ ಇನ್ನೊಂದು ಪ್ರಶ್ನೆ ಏಳುತ್ತದೆ: ಅಲ್ಲಿ ಧರ್ಮ ಎಷ್ಟು, ಓದು ಎಷ್ಟು?

ನಮ್ಮ ನಾಡಿಗೆ ಇದು ಹೊಸತಲ್ಲ. ಇಟಲಿಯ ಜೆಸ್ವಿಟ್ ಪಾದ್ರಿಗಳು 1880ರಲ್ಲಿ ಮಂಗಳೂರಿನಲ್ಲಿ ತೆರೆದ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಎಲ್ಲ ಮತದವರ ಮಕ್ಕಳೂ ಕಲಿತಿದ್ದಾರೆ. ಟೆಕ್ಸಾಸ್‌ನ ಮೂರು ಕ್ಯಾಥೋಲಿಕ್ ವಿಶ್ವವಿದ್ಯಾಲಯಗಳೂ ಬೇರೆ ಮತದವರನ್ನು ಸೇರಿಸಿಕೊಳ್ಳುತ್ತವೆ. ಆದರೆ ಕಟ್ಟಿದವರು ಬೇರೆ, ಪಾಠದ ರೀತಿಯೂ ಬೇರೆ.

ಆಸ್ಟಿನ್‌ನ ಸೇಂಟ್ ಎಡ್ವರ್ಡ್ಸ್ ಹೋಲಿಕ್ರಾಸ್ ಸಭೆಯ ಫಾದರ್ ಎಡ್ವರ್ಡ್ ಸೋರಿನ್ ಸ್ಥಾಪಿಸಿದ್ದು. 1878ರಲ್ಲಿ ಮೂವರು ರೈತರ ಹುಡುಗರಿಂದ ಶುರುವಾಯಿತು. ಊರೂರು ಅಲೆದು ದುಡಿಯುವ ಹೊಲದ ಕೂಲಿಗಳ ಮಕ್ಕಳನ್ನು ಓದಿಸಲು 1972ರಲ್ಲಿ ವಿಶೇಷ ಯೋಜನೆ ಆರಂಭಿಸಿತು.

ಹ್ಯೂಸ್ಟನ್‌ನ ಸೇಂಟ್ ಥಾಮಸನ್ನು 1947ರಲ್ಲಿ ಬೆಸಿಲಿಯನ್ ಪಾದ್ರಿಗಳು ತೆರೆದರು. ಅಲ್ಲಿಯ ಪದವಿಯ ಮೂಲ ಪಠ್ಯದಲ್ಲಿ ದೇವಶಾಸ್ತ್ರ, ತತ್ತ್ವಶಾಸ್ತ್ರ ಎರಡೂ ಇವೆ.

ಡಲ್ಲಾಸ್ ವಿಶ್ವವಿದ್ಯಾಲಯ ಆರಂಭವಾದದ್ದು 1956ರಲ್ಲಿ, ಪಕ್ಕದ ಇರ್ವಿಂಗ್‌ನಲ್ಲಿ. ಕಮ್ಯುನಿಸ್ಟ್ ಹಂಗೇರಿಯಿಂದ ತಪ್ಪಿಸಿಕೊಂಡು ಬಂದ ಸಿಸ್ಟರ್ಸಿಯನ್ ಸನ್ಯಾಸಿಗಳು ಅಲ್ಲಿ ಪಾಠ ಹೇಳಿದರು. ಪದವಿ ವಿದ್ಯಾರ್ಥಿಗಳಿಗೆ ಬೈಬಲ್ ಅಧ್ಯಯನ ಕಡ್ಡಾಯ.

ಆಸ್ಪತ್ರೆಯ ಫಾರ್ಮಸಿಯಲ್ಲಿ ದುಡಿಯುವ ನಾವು ಕಂಪನಿಯ ಹೆಸರು ನೋಡಿ ಮಾತ್ರೆ ಕೊಡುವುದಿಲ್ಲ. ಒಳಗಿನ ಔಷಧಿ ಯಾವುದು, ಎಷ್ಟು ಮಿಲಿಗ್ರಾಂ ಎಂದು ನೋಡುತ್ತೇವೆ. ಕಾಲೇಜನ್ನೂ ಹಾಗೆಯೇ ನೋಡಬೇಕು. ಧರ್ಮದ ಪಾಠ ಹೆಚ್ಚಿರಲಿ ಎನ್ನುವ ಮನೆಯೂ ನಮ್ಮಲ್ಲುಂಟು, ಕಡಿಮೆ ಸಾಕು ಎನ್ನುವ ಮನೆಯೂ ಉಂಟು. ಯಾರೇ ಆಗಲಿ, ಫೀಸು ಕಟ್ಟುವ ಮೊದಲು ಕಡ್ಡಾಯ ವಿಷಯಗಳ ಪಟ್ಟಿಯನ್ನು ಮಕ್ಕಳ ಜೊತೆ ಕೂತು ಓದೋಣ. ನಾಲ್ಕು ವರ್ಷ ಆ ಪಾಠ ಕೇಳಬೇಕಾದವರು ಅವರೇ.